ಕೀಲು ನೋವಿದ್ದವರು ಓಡಾಡಬೇಕಾ, ಕೂತೇ ಇರಬೇಕಾ?

(ಸಂಧಿವಾತ ಇರುವವರು ಮತ್ತು ಅವರ ಮನೆಯವರ ಮುಂದೆ ಮಾತಾಡಿದ್ದನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಹೇಳುವಾಗ ಅವಸರದಲ್ಲಿ ಬಿಟ್ಟುಹೋದ ಕೆಲವು ವಿವರಗಳನ್ನು ಸೇರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್. ಕೀಲು ನೋವು ಅಂತ ಬರುವವರಲ್ಲಿ ಬಹಳ ಜನ ಕುರ್ಚಿಯಲ್ಲಿ ಕೂರುವ ಮೊದಲೇ ಒಂದು ಮಾತು ಹೇಳುತ್ತಾರೆ: "ಎಕ್ಸ್‌ರೇ ನೋಡಿ ಮಂಡಿ ಸವೆದಿದೆ ಅಂದರು, ಅದಕ್ಕೆ ಓಡಾಟ ನಿಲ್ಲಿಸಿಬಿಟ್ಟಿದ್ದೇನೆ." ಮನೆಯವರೂ ಪ್ರೀತಿಯಿಂದಲೇ ತಡೆದಿರುತ್ತಾರೆ. ಮೆಟ್ಟಿಲು ಹತ್ತಬೇಡಿ, ಏಳಬೇಡಿ, ಬೇಕಾದ್ದನ್ನು ನಾವೇ ತಂದುಕೊಡುತ್ತೇವೆ ಅಂತ. ಹೀಗೆ ಕೆಲವು ತಿಂಗಳು ಕಳೆದ ಮೇಲೆ ನೋವು ಕಡಿಮೆಯಾಯಿತಾ ಅಂತ ಕೇಳಿ ನೋಡಿ. ಇಲ್ಲ, ಇನ್ನೂ ಜಾಸ್ತಿಯಾಗಿದೆ ಅನ್ನುತ್ತಾರೆ.

ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ನೋಯುವ ಕೀಲಿಗೆ ಹದವಾಗಿ ಕೆಲಸ ಕೊಟ್ಟರೆ ಅದು ಸುಧಾರಿಸುತ್ತದೆ, ಸುಮ್ನೆ ಕೂರಿಸಿದರೆ ಇನ್ನಷ್ಟು ಕೆಡುತ್ತದೆ. ಊಟದ ವಿಷಯಕ್ಕೂ ಬರುತ್ತೇನೆ, ಆದರೆ ಆಮೇಲೆ. ಏನು ತಿಂದರೆ ವಾಸಿಯಾಗುತ್ತದೆ ಅಂತ ಎಲ್ಲರೂ ಮೊದಲು ಕೇಳುತ್ತಾರೆ, ಏನು ಮಾಡಿದರೆ ಅಂತ ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಎರಡನೆಯ ಪ್ರಶ್ನೆಯೇ ಮುಖ್ಯ.

ಅದಕ್ಕೂ ಮೊದಲು ನಿಮಗಿರುವುದು ಯಾವ ಸಂಧಿವಾತ ಅಂತ ಗೊತ್ತಿರಬೇಕು. ಇದು ಒಂದೇ ಕಾಯಿಲೆ ಅಲ್ಲ, ನೂರಕ್ಕೂ ಹೆಚ್ಚು ಬಗೆಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಆಸ್ಟಿಯೋಆರ್ಥ್ರೈಟಿಸ್, ಅಂದರೆ ಮೂಳೆ ತುದಿಯ ನುಣುಪು ಹೊದಿಕೆ ನಿಧಾನಕ್ಕೆ ಸವೆದು ಕೀಲು ಕೆಡುವುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಪ್ರಪಂಚದಾದ್ಯಂತ ಸುಮಾರು 52.8 ಕೋಟಿ ಜನರಿಗೆ ಇದಿತ್ತು, ಅದರಲ್ಲಿ ಮಂಡಿಯದ್ದೇ ದೊಡ್ಡ ಪಾಲು. ಎರಡನೆಯದು ರುಮಟಾಯ್ಡ್ ಆರ್ಥ್ರೈಟಿಸ್. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಮೂರನೆಯದು ಗೌಟ್, ಅಂದರೆ ಯೂರಿಕ್ ಆ್ಯಸಿಡ್ ಹರಳುಗಟ್ಟಿ ಕೀಲಿನಲ್ಲಿ ಕೂರುವುದು.

ಬೆಳಗ್ಗೆ ಎದ್ದಾಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ ಅನ್ನುವುದರಿಂದ ಸ್ವಲ್ಪ ಸುಳಿವು ಸಿಗುತ್ತದೆ. ಆಸ್ಟಿಯೋಆರ್ಥ್ರೈಟಿಸ್‌ನಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ, ಆಮೇಲೆ ದಿನವಿಡೀ ಕೆಲಸ ಮಾಡಿದಂತೆ ಸಂಜೆಗೆ ನೋವು ಏರುತ್ತದೆ. ರುಮಟಾಯ್ಡ್‌ನಲ್ಲಿ ಬಿಗಿತ ಒಂದು ಗಂಟೆ, ಕೆಲವರಿಗೆ ಅದಕ್ಕೂ ಜಾಸ್ತಿ ಹೊತ್ತು ಇರುತ್ತದೆ. ಎರಡೂ ಕೈಯ ಬೆರಳ ಗೆಣ್ಣುಗಳು, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಒಟ್ಟೊಟ್ಟಿಗೆ ಊದುತ್ತವೆ, ಸುಸ್ತು ಇರುತ್ತದೆ. ಇಂಥವರು ವ್ಯಾಯಾಮ, ಪಥ್ಯ ಅಂತ ತಿಂಗಳುಗಟ್ಟಲೆ ಕಾಯಬಾರದು. ಮೊದಲು ರುಮಟಾಲಜಿ ಡಾಕ್ಟರನ್ನು ನೋಡಬೇಕು, ಯಾಕೆಂದರೆ ಈ ಕಾಯಿಲೆಯಲ್ಲಿ ಔಷಧಿ ಬೇಗ ಶುರುವಾದಷ್ಟೂ ಕೀಲು ಉಳಿಯುತ್ತದೆ. ವ್ಯಾಯಾಮ ಔಷಧಿಯ ಜೊತೆಗೆ ನಡೆಯಬೇಕು, ಔಷಧಿ ಬಿಟ್ಟು ಅಲ್ಲ.

ಈಗ ಕೀಲಿನ ಒಳಗೆ ಹೋಗೋಣ.

ಎರಡು ಮೂಳೆಗಳು ಸೇರುವ ಕಡೆ, ಮೂಳೆಯ ತುದಿಗೆ ನುಣುಪಾದ ಒಂದು ಹೊದಿಕೆ ಇರುತ್ತದೆ. ಅದೇ ಕಾರ್ಟಿಲೇಜ್. ಅದಕ್ಕೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ರಕ್ತ ಹರಿಯದ ಮೇಲೆ ಅದಕ್ಕೆ ಪೋಷಣೆ ಎಲ್ಲಿಂದ ಬರಬೇಕು? ಸುತ್ತ ಇರುವ ಕೀಲಿನ ದ್ರವದಿಂದ. ನೀವು ಕಾಲೂರಿದಾಗ ಕಾರ್ಟಿಲೇಜ್ ಒತ್ತಿಕೊಂಡು ಒಳಗಿನ ದ್ರವ ಆಚೆ ಹೋಗುತ್ತದೆ, ಕಾಲೆತ್ತಿದಾಗ ಹೊಸ ದ್ರವ ಒಳಗೆ ಬರುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಹಿಂಡಿ ಬಿಟ್ಟ ಹಾಗೆ. ಹಿಂಡುವುದು, ಬಿಡುವುದು ನಿಂತರೆ ಪೋಷಣೆಯೂ ಕಡಿಮೆಯಾಗುತ್ತದೆ. ಬಳಸಿದಷ್ಟೂ ಸವೆಯುತ್ತದೆ ಅನ್ನುವ ಲೆಕ್ಕ ಯಂತ್ರದ ಬಿಡಿಭಾಗಕ್ಕೆ ಸರಿ, ಜೀವ ಇರುವ ಕೀಲಿಗೆ ಅಲ್ಲ.

ಅದಕ್ಕಿಂತ ದೊಡ್ಡ ವಿಷಯ ಸ್ನಾಯುಗಳದ್ದು. ಮಂಡಿ ಒಂದೇ ನಿಮ್ಮ ಭಾರ ಹೊರುವುದಿಲ್ಲ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಅದನ್ನು ಹಿಡಿದುಕೊಂಡಿರುತ್ತದೆ. ಪ್ರತಿ ಹೆಜ್ಜೆಯಲ್ಲೂ ಬೀಳುವ ಒತ್ತಡದ ಒಂದು ಪಾಲನ್ನು ಆ ಸ್ನಾಯು ತಾನು ತೆಗೆದುಕೊಳ್ಳುತ್ತದೆ. ನೋವು ಅಂತ ಕಾಲನ್ನು ಬಳಸದೆ ಇದ್ದರೆ ಮೊದಲು ಸೊರಗುವುದೇ ಅದು. ಅದು ಸೊರಗಿದರೆ ಒತ್ತಡವೆಲ್ಲ ನೇರ ಕೀಲಿಗೆ. ನೋವು ಜಾಸ್ತಿ, ಓಡಾಟ ಕಡಿಮೆ, ಸ್ನಾಯು ಇನ್ನೂ ಸಣ್ಣ, ಮತ್ತೆ ನೋವು ಜಾಸ್ತಿ. ಈ ಸುತ್ತಿನಿಂದ ಹೊರಗೆ ಬರಲು ನನಗೆ ಗೊತ್ತಿರುವ ದಾರಿ ಒಂದೇ, ಸ್ನಾಯುವನ್ನು ಮತ್ತೆ ಬಲಪಡಿಸುವುದು.

ಎಕ್ಸ್‌ರೇ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ನಿಮಗಾಗುವ ನೋವಿಗೂ ನೇರ ಹೊಂದಿಕೆ ಇಲ್ಲ. ಚಿತ್ರದಲ್ಲಿ ಮಂಡಿ ಪೂರ್ತಿ ಹೋಗಿದೆ ಅನ್ನುವ ಹಾಗಿದ್ದರೂ ಆರಾಮಾಗಿ ನಡೆಯುವವರಿದ್ದಾರೆ. ಚಿತ್ರ ಚೆನ್ನಾಗಿದ್ದೂ ತುಂಬಾ ನೋವಿರುವವರಿದ್ದಾರೆ. ಹಾಗಾಗಿ ಒಂದು ಚಿತ್ರ ನೋಡಿ ನಿಮ್ಮ ಮುಂದಿನ ಬದುಕನ್ನೆಲ್ಲ ತೀರ್ಮಾನ ಮಾಡಿಕೊಳ್ಳಬೇಡಿ, ದಯವಿಟ್ಟು.

ಈಗ ಎಲ್ಲರೂ ಒಂದು ಕೆಲಸ ಮಾಡೋಣ. (ಇಲ್ಲಿ ಸಭೆಯಲ್ಲಿದ್ದವರನ್ನೆಲ್ಲ ಕೂತಲ್ಲಿಂದ ಏಳಿಸಿದೆ.) ಕುರ್ಚಿಯ ಅಂಚಿಗೆ ಸ್ವಲ್ಪ ಮುಂದೆ ಬನ್ನಿ. ಪಾದ ಎರಡೂ ನೆಲದ ಮೇಲೆ, ಸೊಂಟದಷ್ಟು ಅಗಲಕ್ಕೆ. ಹಿಮ್ಮಡಿಯನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಿ. ಕೈ ಎದೆಯ ಮೇಲೆ ಕಟ್ಟಿಕೊಳ್ಳಿ. ಈಗ ಮೂಗು ಮುಂದಕ್ಕೆ ಬರುವ ಹಾಗೆ ಬಗ್ಗಿ, ಹಿಮ್ಮಡಿ ಒತ್ತಿ ಎದ್ದು ನಿಲ್ಲಿ. ನಿಂತ ಮೇಲೆ ಕೂರುವುದು ನಿಧಾನಕ್ಕೆ, ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸುತ್ತಾ. ದೊಪ್ಪೆಂದು ಬೀಳಬಾರದು.

ಮುಂದಿನ ಸಾಲಿನಲ್ಲಿದ್ದ ಒಬ್ಬ ಅಮ್ಮ ಏಳುವಾಗ ಅವರ ಬಲಮಂಡಿ ಒಳಕ್ಕೆ, ಎಡಮಂಡಿಯ ಕಡೆಗೆ ವಾಲುತ್ತಿತ್ತು. ಕೈ ಬಿಡಿಸಿಕೊಂಡು ತೊಡೆ ಒತ್ತಿ ಎದ್ದರು. "ನೋಯುತ್ತೆ" ಅಂದರು. ಕುರ್ಚಿಯ ಮೇಲೆ ಒಂದು ದಪ್ಪ ದಿಂಬು ಹಾಕಿ ಎತ್ತರ ಮಾಡಿದೆವು. ಮಂಡಿ ನೇರ ಪಾದದ ಎರಡನೇ ಬೆರಳಿನ ಕಡೆಗೆ ಇರಲಿ, ಒಳಗೆ ಬೀಳಲು ಬಿಡಬೇಡಿ ಅಂತ ಹೇಳಿ ಮತ್ತೆ ಏಳಿಸಿದೆ. ಈ ಸಲ ಕೈ ಬೇಕಾಗಲಿಲ್ಲ. ನೋವು ಪೂರ್ತಿ ಹೋಗಿರಲಿಲ್ಲ, ಕಡಿಮೆ ಇತ್ತು. ಅವರ ಮಂಡಿ ಅಷ್ಟರಲ್ಲಿ ಬದಲಾಗಿರಲಿಲ್ಲ. ಬದಲಾದದ್ದು ಕುರ್ಚಿಯ ಎತ್ತರ, ಮಂಡಿ ಇದ್ದ ದಿಕ್ಕು. ವ್ಯಾಯಾಮ ಮಾಡಿಸುವುದು ಅಂದರೆ ಇದೇ. ನೋವು ತಡೆಯುವಷ್ಟಕ್ಕೆ ಸುಲಭ ಮಾಡಿಕೊಂಡು ಶುರು ಮಾಡಿ, ವಾರ ಕಳೆದಂತೆ ದಿಂಬು ತೆಗೆದು, ಆಮೇಲೆ ಇನ್ನೂ ನಿಧಾನಕ್ಕೆ ಕೂತು, ಆಮೇಲೆ ಕೈಯಲ್ಲಿ ಒಂದಿಷ್ಟು ತೂಕ ಹಿಡಿದು, ಸ್ವಲ್ಪ ಸ್ವಲ್ಪವೇ ಕಷ್ಟ ಮಾಡುತ್ತಾ ಹೋಗಬೇಕು. ವರ್ಷಗಟ್ಟಲೆ ಅದೇ ಹತ್ತು ಸಲ, ಅದೇ ಎತ್ತರದಲ್ಲಿ ಮಾಡಿದರೆ ಸ್ನಾಯು ಬೆಳೆಯುವುದಿಲ್ಲ.

ಇದನ್ನು ಎಂಟರಿಂದ ಹನ್ನೆರಡು ಸಲ ಮಾಡಿ, ಒಂದೆರಡು ನಿಮಿಷ ಬಿಟ್ಟು ಮತ್ತೊಂದು ಸುತ್ತು. ವಾರಕ್ಕೆ ಎರಡು ಮೂರು ದಿನ ಸಾಕು, ಮಧ್ಯೆ ಬಿಡುವು ಇರಲಿ. ಇದರ ಜೊತೆ ಇನ್ನು ಮೂರು ಸೇರಿಸಿಕೊಳ್ಳಿ. ಗೋಡೆ ಹಿಡಿದು ನಿಂತು ಹಿಮ್ಮಡಿ ಎತ್ತುವುದು. ಗೋಡೆ ಹಿಡಿದೇ ಒಂದು ಕಾಲನ್ನು ಪಕ್ಕಕ್ಕೆ ಎತ್ತುವುದು, ಇದು ಸೊಂಟದ ಪಕ್ಕದ ಸ್ನಾಯುವಿಗೆ. ಮಂಡಿ ಒಳಕ್ಕೆ ವಾಲದಂತೆ ತಡೆಯುವುದು ಅದೇ. ಮತ್ತೆ, ಕಡಿಮೆ ಎತ್ತರದ ಒಂದೇ ಮೆಟ್ಟಿಲನ್ನು ಹತ್ತಿ ಇಳಿಯುವುದು. ಏಳುವುದೇ ಆಗದಷ್ಟು ನೋವಿದ್ದವರು ಮಲಗಿಕೊಂಡೇ ಶುರು ಮಾಡಬಹುದು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಹಾಸಿಗೆಗೆ ಒತ್ತಿ ಐದು ಸೆಕೆಂಡ್ ಹಿಡಿದು ಬಿಡಿ. ತೊಡೆ ಗಟ್ಟಿಯಾಗುವುದು ಕೈಗೆ ಗೊತ್ತಾಗಬೇಕು.

ನಡಿಗೆ ಬೇಡ್ವಾ ಅಂತ ಕೇಳುತ್ತೀರಿ. ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಸ್ವಲ್ಪ ಏದುಸಿರು ಬರುವಷ್ಟು ಚಟುವಟಿಕೆ, ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಸೇರಿಸುತ್ತಾರೆ. 150 ಕೇಳಿ ಹೆದರಬೇಡಿ. ಐದು ನಿಮಿಷ ನಡೆಯಲು ಆಗುವವರು ದಿನಕ್ಕೆ ಮೂರು ಸಲ ಐದೈದು ನಿಮಿಷ ನಡೆಯಿರಿ, ಮುಂದಿನ ವಾರ ಆರಾರು ನಿಮಿಷ. ನಡೆದರೆ ನೋಯುತ್ತದೆ ಅನ್ನುವವರಿಗೆ ಸೈಕಲ್, ಈಜು, ಎದೆಮಟ್ಟದ ನೀರಿನಲ್ಲಿ ನಡೆಯುವುದು ಒಳ್ಳೆಯದು. ನೀರು ದೇಹದ ಭಾರವನ್ನು ಹೊರುತ್ತದೆ, ಆದರೆ ಸ್ನಾಯುವಿಗೆ ಕೆಲಸ ತಪ್ಪುವುದಿಲ್ಲ. ತಾಯ್ ಚೀ, ಅಂದರೆ ನಿಧಾನವಾಗಿ ಮೈ ಆಡಿಸುವ ಚೀನಾದ ವ್ಯಾಯಾಮ, ಅದರ ಮೇಲೂ ಒಳ್ಳೆಯ ಸಂಶೋಧನೆ ನಡೆದಿದೆ. ಮಂಡಿ ಆಸ್ಟಿಯೋಆರ್ಥ್ರೈಟಿಸ್ ಇದ್ದ 204 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ತಾಯ್ ಚೀ, ಇನ್ನೊಂದಕ್ಕೆ ಫಿಸಿಯೋಥೆರಪಿ ಕೊಟ್ಟು ನೋಡಿದರು. 2016ರಲ್ಲಿ ಅದರ ಫಲಿತಾಂಶ ಬಂತು. ಎರಡು ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟದ ಸುಧಾರಣೆ. ನಿಮಗೆ ಯಾವುದು ಇಷ್ಟವೋ, ಯಾವುದನ್ನು ಬಿಡದೆ ಮಾಡಬಲ್ಲಿರೋ ಅದನ್ನು ಹಿಡಿಯಿರಿ.

ನೋವಿನ ಲೆಕ್ಕ ಇಡುವುದನ್ನು ಕಲಿತರೆ ಭಯ ಅರ್ಧ ಹೋಗುತ್ತದೆ. ಡೆನ್ಮಾರ್ಕ್‌ನಲ್ಲಿ 2013ರಲ್ಲಿ ಗ್ಲಾಡ್ ಅಂತ ಒಂದು ಕಾರ್ಯಕ್ರಮ ಶುರುವಾಯಿತು. ಮಂಡಿ, ಸೊಂಟದ ಆಸ್ಟಿಯೋಆರ್ಥ್ರೈಟಿಸ್ ಇರುವವರಿಗೆ ಮೊದಲು ಕಾಯಿಲೆಯ ಬಗ್ಗೆ ತಿಳಿಸಿ ಹೇಳಿ, ಆಮೇಲೆ ಆರು ವಾರ, ವಾರಕ್ಕೆ ಎರಡು ಸಲ ವ್ಯಾಯಾಮ ಮಾಡಿಸುತ್ತಾರೆ. ಈಗ ಬೇರೆ ದೇಶಗಳಿಗೂ ಹರಡಿದೆ. ಅಲ್ಲಿ ಬಳಸುವ ಅಳತೆ ಬಹಳ ಸರಳ. ನೋವಿಲ್ಲದಿದ್ದರೆ ಸೊನ್ನೆ, ತಡೆಯಲಾರದ ನೋವಿದ್ದರೆ ಹತ್ತು. ವ್ಯಾಯಾಮ ಮಾಡುವಾಗ ಎರಡರವರೆಗೆ ಏನೂ ಚಿಂತೆಯಿಲ್ಲ, ಐದರವರೆಗೆ ಪರವಾಗಿಲ್ಲ, ಐದು ದಾಟಿದರೆ ಕಡಿಮೆ ಮಾಡಿ. ಏರಿದ ನೋವು ಮಾರನೆಯ ದಿನದ ಹೊತ್ತಿಗೆ ಮೊದಲಿದ್ದ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ನೀವು ಮಾಡಿದ್ದು ಜಾಸ್ತಿಯಾಗಿದೆ ಅಂತ ಅರ್ಥ, ಮುಂದಿನ ಸಲ ಸಂಖ್ಯೆ ಇಳಿಸಿ. ನಿಲ್ಲಿಸಬೇಡಿ, ಇಳಿಸಿ. ನಾನು ನೋಡಿರುವ ಹಾಗೆ ಶುರುವಿನ ಎರಡು ಮೂರು ವಾರ ಬಹಳ ಜನರಿಗೆ ನೋವು ಸ್ವಲ್ಪ ಜಾಸ್ತಿಯೇ ಆಗುತ್ತದೆ. ಅಲ್ಲೇ ಬಿಟ್ಟುಬಿಡುತ್ತಾರೆ. ಇನ್ನು ಸ್ವಲ್ಪ ದಿನ ತಾಳಿಕೊಂಡಿದ್ದರೆ ಗುಣ ಕಾಣುತ್ತಿತ್ತಲ್ಲಾ ಅಂತ ನನಗೆ ಬೇಜಾರಾಗುತ್ತದೆ. ಆರರಿಂದ ಹನ್ನೆರಡು ವಾರ ಕೊಟ್ಟು ನೋಡಿ, ಆಮೇಲೆ ತೀರ್ಮಾನ ಮಾಡಿ.

ರುಮಟಾಯ್ಡ್ ಇರುವವರಿಗೆ ಜೋರಾದ ವ್ಯಾಯಾಮ ಅಪಾಯ ಅಂತ ಹಿಂದೆ ಡಾಕ್ಟರುಗಳೇ ಹೇಳುತ್ತಿದ್ದರು. ನೆದರ್ಲೆಂಡ್ಸ್‌ನಲ್ಲಿ ಸುಮಾರು 300 ರೋಗಿಗಳ ಮೇಲೆ ಎರಡು ವರ್ಷ ಒಂದು ಅಧ್ಯಯನ ನಡೆಸಿದರು, ವಾರಕ್ಕೆ ಎರಡು ಸಲ ಬೆವರು ಸುರಿಯುವಂಥ ವ್ಯಾಯಾಮ. 2003ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅವರ ಓಡಾಟದ ಶಕ್ತಿ ಹೆಚ್ಚಿತ್ತು, ಮನಸ್ಸೂ ಹಗುರವಾಗಿತ್ತು, ಒಟ್ಟಾರೆ ನೋಡಿದರೆ ಕೀಲಿನ ಹಾನಿ ಹೆಚ್ಚಾಗಿರಲಿಲ್ಲ. ದೊಡ್ಡ ಕೀಲುಗಳು ಆಗಲೇ ತುಂಬಾ ಹಾಳಾಗಿದ್ದವರ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು ಅಂತ ಹೇಳಿದರು. ಕೈಗೂ ಇದೇ ಮಾತು. ಬ್ರಿಟನ್‌ನಲ್ಲಿ 490 ರುಮಟಾಯ್ಡ್ ರೋಗಿಗಳ ಮೇಲೆ ಕೈಯ ವ್ಯಾಯಾಮದ ಅಧ್ಯಯನ ನಡೆಯಿತು, 2015ರಲ್ಲಿ ಪ್ರಕಟವಾಯಿತು. ಬೆರಳು ಬಿಡಿಸುವುದು, ಮುಷ್ಟಿ ಕಟ್ಟುವುದು, ಮೆತ್ತನೆಯ ಉಂಡೆಯನ್ನು ಹಿಸುಕುವುದು, ರಬ್ಬರ್ ಪಟ್ಟಿಯ ವಿರುದ್ಧ ಎಳೆಯುವುದು, ಇಂಥವನ್ನೇ ವಾರ ವಾರಕ್ಕೆ ಸ್ವಲ್ಪ ಗಟ್ಟಿ ಮಾಡುತ್ತಾ ಹೋದವರ ಕೈ ಬೇರೆಯವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಬಾಟಲಿ ಮುಚ್ಚಳ ತೆಗೆಯಲು, ಗುಂಡಿ ಹಾಕಲು ಯಾರನ್ನೋ ಕರೆಯಬೇಕಾದವರಿಗೆ ಇದು ಸಣ್ಣ ಲಾಭ ಅಲ್ಲ.

ಈಗ ಊಟ.

ಊಟದಿಂದ ಕೀಲಿಗೆ ಸಿಗುವ ದೊಡ್ಡ ಉಪಕಾರ ತೂಕದ ಮೂಲಕವೇ, ಅಂದರೆ ತೂಕ ಜಾಸ್ತಿ ಇರುವವರಿಗೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಅಂತ 2005ರಲ್ಲೇ ಅಳೆದು ತೋರಿಸಿದ್ದಾರೆ. ದಿನಕ್ಕೆ ಸಾವಿರಾರು ಹೆಜ್ಜೆ, ಲೆಕ್ಕ ಹಾಕಿ. ಕೊಬ್ಬು ಸುಮ್ನೆ ಭಾರ ಮಾತ್ರ ಅಲ್ಲ, ಅದು ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನೂ ರಕ್ತಕ್ಕೆ ಬಿಡುತ್ತದೆ. ಹೆಜ್ಜೆಯ ಭಾರ ಬೀಳದ ಬೆರಳುಗಳಲ್ಲೂ ತೂಕ ಜಾಸ್ತಿ ಇರುವವರಿಗೆ ಆಸ್ಟಿಯೋಆರ್ಥ್ರೈಟಿಸ್ ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ ಅಂತ ತಿಳಿದಿದ್ದಾರೆ.

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 454 ಜನರ ಮೇಲೆ 18 ತಿಂಗಳು ನಡೆದ ಒಂದು ಅಧ್ಯಯನ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಎಲ್ಲರೂ 55 ದಾಟಿದವರು, ತೂಕ ಜಾಸ್ತಿ, ಮಂಡಿ ನೋವು. ಒಂದು ಗುಂಪಿಗೆ ಬರೀ ವ್ಯಾಯಾಮ, ಒಂದಕ್ಕೆ ಬರೀ ಊಟದ ಬದಲಾವಣೆ, ಮೂರನೆಯದಕ್ಕೆ ಎರಡೂ. 2013ರಲ್ಲಿ ಬಂದ ಫಲಿತಾಂಶದಲ್ಲಿ ಎರಡನ್ನೂ ಮಾಡಿದವರು ಸರಾಸರಿ ಹತ್ತು ಕಿಲೋಗಿಂತ ಹೆಚ್ಚು ಇಳಿದಿದ್ದರು, ಅವರ ನೋವು ಹೆಚ್ಚುಕಡಿಮೆ ಅರ್ಧಕ್ಕೆ ಬಂದಿತ್ತು. ಒಂದನ್ನೇ ಮಾಡಿದವರಿಗೂ ಗುಣ ಸಿಕ್ಕಿತು, ಅಷ್ಟು ಅಲ್ಲ. ನನ್ನ ಹತ್ತಿರ ಬರುವವರಿಗೆ ನಾನು ಇದನ್ನೇ ಹೇಳುವುದು. ಊಟ ಮಾತ್ರ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಬೇಕಾಗಿದ್ದನ್ನೇ ಕಳೆದುಕೊಂಡ ಹಾಗೆ.

ಅದಕ್ಕೇ ಪ್ರೋಟೀನ್ ಮುಖ್ಯ. ವಯಸ್ಸಾದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ. 60 ಕಿಲೋ ಇರುವವರಿಗೆ 60ರಿಂದ 72 ಗ್ರಾಂ. ಬಾಯಿ ರುಚಿ ಇಲ್ಲ, ಹಲ್ಲಿಲ್ಲ ಅಂತ ಬರೀ ಮೆತ್ತನೆಯ ಪಿಷ್ಟ ತಿಂದುಕೊಂಡಿರುವ ಹಿರಿಯರಿಗೆ ಇದರ ಅರ್ಧವೂ ಸಿಗುವುದು ಕಷ್ಟ. ಕಾಳು, ಬೇಳೆ, ಹಾಲು, ಮೊಸರು, ಮೊಟ್ಟೆ, ಮೀನು, ಕೋಳಿ, ನಿಮಗೆ ಒಗ್ಗುವ ಯಾವುದಾದರೂ ಪ್ರತಿ ಊಟದಲ್ಲೂ ಇರಲಿ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ ಮುಂದುವರಿಯಬೇಕು.

ಉರಿಯೂತ ಇರುವ ರುಮಟಾಯ್ಡ್‌ನಲ್ಲಿ ಊಟದ ಬಗೆಯೂ ಸ್ವಲ್ಪ ಕೆಲಸ ಮಾಡುತ್ತದೆ. ಅಮೆರಿಕದ ರುಮಟಾಲಜಿ ತಜ್ಞರ ಸಂಘ ತನ್ನ 2022ರ ಮಾರ್ಗಸೂಚಿಯಲ್ಲಿ ವ್ಯಾಯಾಮವನ್ನು ಬಲವಾಗಿ ಶಿಫಾರಸು ಮಾಡಿದೆ. ಊಟದ ಪದ್ಧತಿಗಳಲ್ಲಿ ಅದು ಒಪ್ಪಿದ್ದು ಮೆಡಿಟರೇನಿಯನ್ ಪದ್ಧತಿಯನ್ನು ಮಾತ್ರ, ಅದನ್ನೂ ಸ್ವಲ್ಪ ಹಿಂಜರಿಕೆಯಿಂದಲೇ. ಅಂದರೆ ತರಕಾರಿ, ಹಣ್ಣು, ಕಾಳು, ಇಡೀ ಧಾನ್ಯ, ಬೀಜಗಳು, ಆಲಿವ್ ಎಣ್ಣೆ, ಮೀನು ಜಾಸ್ತಿ. ಸಕ್ಕರೆ, ಸಂಸ್ಕರಿಸಿದ ತಿಂಡಿ, ಕೆಂಪು ಮಾಂಸ ಕಡಿಮೆ. ಕೊಬ್ಬಿರುವ ಮೀನಿನಲ್ಲಿರುವ ಒಮೆಗಾ-3ಗೆ ಒಂದಿಷ್ಟು ಪುರಾವೆ ಇದೆ. ರುಮಟಾಯ್ಡ್‌ನಲ್ಲಿ ದಿನಕ್ಕೆ ಸುಮಾರು 3 ಗ್ರಾಂ ಒಮೆಗಾ-3 ತೆಗೆದುಕೊಂಡವರಲ್ಲಿ ನೋವು, ಬೆಳಗಿನ ಬಿಗಿತ ಕಡಿಮೆಯಾಗಿದೆ, ನೋವಿನ ಮಾತ್ರೆಯೂ ಇಳಿದಿದೆ. ಆದರೆ ಗುಣ ಕಾಣಲು ಎರಡು ಮೂರು ತಿಂಗಳು ಬೇಕು, ಮತ್ತು ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಕೇಳದೆ ಶುರು ಮಾಡಬಾರದು. ಸಿಗರೇಟು ಸೇದುವವರು ಇದ್ದರೆ, ಊಟ ಬದಲಿಸುವ ಮೊದಲು ಅದನ್ನು ಬಿಡಿ. ಅದು ರುಮಟಾಯ್ಡ್ ಬರುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ, ಬಂದ ಮೇಲೆ ಔಷಧಿ ನಾಟದಂತೆಯೂ ಮಾಡುತ್ತದೆ.

ಸ್ಟೀರಾಯ್ಡ್ ಮಾತ್ರೆ ದಿನಾ ತೆಗೆದುಕೊಳ್ಳುವವರ ಮೂಳೆ ಟೊಳ್ಳಾಗುತ್ತದೆ, ಹಾಗಾಗಿ ಕ್ಯಾಲ್ಸಿಯಂ, ವಿಟಮಿನ್ ಡಿ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ರುಮಟಾಯ್ಡ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ಔಷಧಿ ತೆಗೆದುಕೊಳ್ಳುವವರಿಗೆ ಎರಡು ಮಾತು. ಅದು ವಾರಕ್ಕೆ ಒಂದೇ ದಿನದ ಔಷಧಿ, ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಜೊತೆಗೆ ಬರೆದುಕೊಟ್ಟ ಫೋಲಿಕ್ ಆ್ಯಸಿಡ್ ಬಿಡಬೇಡಿ, ಮದ್ಯ ಆದಷ್ಟು ದೂರ ಇಡಿ, ಮೆಥೊಟ್ರೆಕ್ಸೇಟ್ ಮತ್ತು ಮದ್ಯ ಎರಡೂ ಸೇರಿದರೆ ಲಿವರ್‌ಗೆ ಭಾರ.

ಗೌಟ್ ಇರುವವರ ಊಟದ ಲೆಕ್ಕ ಬೇರೆ. ರಕ್ತದಲ್ಲಿ ಯೂರಿಕ್ ಆ್ಯಸಿಡ್ ಡೆಸಿಲೀಟರ್‌ಗೆ 6.8 ಮಿಲಿಗ್ರಾಂ ದಾಟಿದರೆ ಹರಳು ಕಟ್ಟಲು ಶುರುವಾಗುತ್ತದೆ, ಚಿಕಿತ್ಸೆಯಲ್ಲಿ ಅದನ್ನು 6ಕ್ಕಿಂತ ಕೆಳಗೆ ಇಡಲು ನೋಡುತ್ತಾರೆ. ಬಿಯರ್ ಮತ್ತು ಬೇರೆ ಮದ್ಯ, ಪ್ರಾಣಿಗಳ ಲಿವರ್, ಕಿಡ್ನಿಯಂಥ ಅಂಗಾಂಗದ ಮಾಂಸ, ಕೆಂಪು ಮಾಂಸ, ಕೆಲವು ಮೀನು, ಸಕ್ಕರೆ ಹಾಕಿದ ತಂಪು ಪಾನೀಯ, ಇವು ಕಡಿಮೆಯಾಗಬೇಕು. ಬೇಳೆ, ಸೊಪ್ಪು ಎಲ್ಲಾ ಬಿಟ್ಟುಬಿಡಿ ಅಂತ ಯಾರೋ ಹೇಳಿದ್ದನ್ನು ನಂಬಿ ಸೊರಗಿದವರನ್ನು ನೋಡಿದ್ದೇನೆ. ಪ್ಯೂರಿನ್ (ದೇಹದಲ್ಲಿ ಯೂರಿಕ್ ಆ್ಯಸಿಡ್ ಆಗಿ ಬದಲಾಗುವ ಅಂಶ) ಇರುವ ತರಕಾರಿಯಿಂದ ಗೌಟ್ ಹೆಚ್ಚುವುದಿಲ್ಲ, ಕೊಬ್ಬು ಕಡಿಮೆ ಇರುವ ಹಾಲು ಮೊಸರು ತೆಗೆದುಕೊಳ್ಳುವವರಲ್ಲಿ ಗೌಟ್ ಕಡಿಮೆಯೇ ಅಂತ 2004ರಲ್ಲಿ ಬಂದ ದೊಡ್ಡ ಅಧ್ಯಯನ ತೋರಿಸಿದೆ. ನೀರು ಚೆನ್ನಾಗಿ ಕುಡಿಯಿರಿ, ಒಂದೇ ಸಲ ಕಟ್ಟುನಿಟ್ಟಿನ ಉಪವಾಸ ಬೇಡ, ಅದೇ ನೋವನ್ನು ಎಬ್ಬಿಸಬಹುದು. ಪಥ್ಯ ಒಂದರಿಂದಲೇ ಯೂರಿಕ್ ಆ್ಯಸಿಡ್ ಸಾಕಷ್ಟು ಇಳಿಯುವುದು ಅಪರೂಪ. ಮಾತ್ರೆ ಬೇಕು ಅಂತ ಡಾಕ್ಟರು ಹೇಳಿದರೆ ತೆಗೆದುಕೊಳ್ಳಿ.

ಆಮೇಲೆ ಪ್ರಶ್ನೆಗಳು ಬಂದವು.

ಮಂಡಿ ಮಡಚಿದಾಗ ಕಟಕಟ ಸದ್ದು ಬರುತ್ತದೆ, ವ್ಯಾಯಾಮ ಮಾಡಬಹುದಾ ಅಂತ ಒಬ್ಬರು ಕೇಳಿದರು. ಸದ್ದಿನ ಜೊತೆ ನೋವು, ಊತ, ಮಂಡಿ ಸಿಕ್ಕಿಹಾಕಿಕೊಳ್ಳುವುದು ಇಲ್ಲದಿದ್ದರೆ ಸದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಓಡಿದರೆ ಮಂಡಿ ಹಾಳಾಗುತ್ತದಾ ಅಂತ ಒಬ್ಬ ಹುಡುಗ ಕೇಳಿದ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಮತ್ತು ಸೊಂಟದ ಆಸ್ಟಿಯೋಆರ್ಥ್ರೈಟಿಸ್ ಶೇ. 3.5ರಷ್ಟು, ಓಡದೆ ಕೂತಿರುವವರಲ್ಲಿ ಶೇ. 10.2ರಷ್ಟು ಇತ್ತು. ಸ್ಪರ್ಧೆಗಾಗಿ ವರ್ಷಗಟ್ಟಲೆ ಓಡಿದವರಲ್ಲಿ ಶೇ. 13.3. ಮೊದಲೇ ಆರೋಗ್ಯವಾಗಿರುವವರೇ ಓಡಲು ಬರುತ್ತಾರೆ ಅನ್ನುವುದೂ ಇದರಲ್ಲಿ ಸೇರಿದೆ, ಆದರೂ ಮಿತವಾಗಿ ಓಡಲು ಹೆದರಬೇಕಿಲ್ಲ.

ಟೊಮೆಟೊ, ಬದನೆ, ಆಲೂಗಡ್ಡೆ ಬಿಡಬೇಕಾ? ಬಿಡಬೇಕು ಅನ್ನಲು ಗಟ್ಟಿ ಪುರಾವೆ ಇಲ್ಲ. ನಿಮಗೆ ಅದರಿಂದಲೇ ನೋವು ಅನ್ನಿಸಿದರೆ ಕೆಲವು ವಾರ ಬಿಟ್ಟು, ಮತ್ತೆ ತಿಂದು ನೋಡಿ.

ಕೀಲಿಗೆ ಒಳ್ಳೆಯದು ಅಂತ ಮಾರುವ ಗ್ಲುಕೋಸಮೈನ್ ಮಾತ್ರೆ ಬಗ್ಗೆ ಬಹಳ ಜನರಿಗೆ ಕುತೂಹಲ ಇತ್ತು. ಅಮೆರಿಕದಲ್ಲಿ 1,583 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಗ್ಲುಕೋಸಮೈನ್ ಮತ್ತು ಅದೇ ಥರದ ಕಾಂಡ್ರಾಯ್ಟಿನ್, ಒಟ್ಟಾರೆ ನೋಡಿದರೆ, ಔಷಧಿಯೇ ಇಲ್ಲದ ಹುಸಿ ಮಾತ್ರೆಗಿಂತ ಹೆಚ್ಚೇನೂ ಗುಣ ಕೊಡಲಿಲ್ಲ. ನಾನು ಅದಕ್ಕೆ ದುಡ್ಡು ಹಾಕಿ ಅಂತ ಹೇಳುವುದಿಲ್ಲ. ಅದೇ ದುಡ್ಡಲ್ಲಿ ಒಳ್ಳೆಯ ಶೂ ತೆಗೆದುಕೊಳ್ಳಿ.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಕೇಳಿದವರಿಗೆ ಹೇಳಿದ್ದು: ಸೆಮಾಗ್ಲುಟೈಡ್ ಅನ್ನುವ ಅಂಥ ಒಂದು ಇಂಜೆಕ್ಷನ್ ಮೇಲೆ 407 ಜನರ ಅಧ್ಯಯನ 2024ರಲ್ಲಿ ಬಂದಿದೆ. ಬೊಜ್ಜು ಮತ್ತು ಮಂಡಿ ನೋವು ಎರಡೂ ಇದ್ದವರು. 68 ವಾರದಲ್ಲಿ ತೂಕ ಸರಾಸರಿ ಶೇ. 13.7 ಇಳಿಯಿತು, ನೋವೂ ಹುಸಿ ಇಂಜೆಕ್ಷನ್ ಪಡೆದವರಿಗಿಂತ ಚೆನ್ನಾಗಿ ಇಳಿಯಿತು. ಡಾಕ್ಟರ ಸಲಹೆಯಲ್ಲಿ ತೆಗೆದುಕೊಳ್ಳುವುದು ತಪ್ಪಲ್ಲ, ಆದರೆ ತೂಕದ ಜೊತೆ ಸ್ನಾಯುವೂ ಇಳಿಯುವುದರಿಂದ ಆ ಕುರ್ಚಿಯಿಂದ ಏಳುವ ವ್ಯಾಯಾಮ ಅವರಿಗೆ ಇನ್ನೂ ಜಾಸ್ತಿ ಬೇಕು.

ಊರುಗೋಲು ಹಿಡಿಯಲು ನಾಚಿಕೆ ಅಂದರು ಒಬ್ಬ ಹಿರಿಯರು. ನಾಚಿಕೆ ಬೇಡ, ಅದರಿಂದ ನೀವು ಇನ್ನಷ್ಟು ದೂರ ಹೋಗಬಹುದು. ಹಿಡಿಯುವುದು ಮಾತ್ರ ನೋವಿರುವ ಕಾಲಿನ ಎದುರು ಕೈಯಲ್ಲಿ. ಬಲಮಂಡಿ ನೋಯುತ್ತಿದ್ದರೆ ಎಡಗೈಯಲ್ಲಿ, ಬಲಗಾಲು ಇಡುವಾಗಲೇ ಕೋಲೂ ಮುಂದೆ ಹೋಗಬೇಕು. ಅಲ್ಲೇ ಎದ್ದು ನಿಂತು, ಕೋಲು ಕೈ ಬದಲಿಸಿ ನಾಲ್ಕು ಹೆಜ್ಜೆ ನಡೆದು ತೋರಿಸಿದರು.

ಕೊನೆಯಲ್ಲಿ ಒಬ್ಬಾಕೆ, ಅವರ ತಾಯಿಗೆ ರುಮಟಾಯ್ಡ್, ನೋವು ಕೆರಳಿದ ದಿನ ಏನು ಮಾಡಿಸಲಿ ಅಂತ ಕೇಳಿದರು. ಊದಿ ಬಿಸಿಯಾಗಿರುವ ಕೀಲಿಗೆ ಆ ದಿನ ತೂಕದ ವ್ಯಾಯಾಮ ಬೇಡ. ದಿನಕ್ಕೆ ಒಂದೆರಡು ಸಲ, ಅದು ಎಷ್ಟು ಮಡಚುತ್ತದೋ ಅಷ್ಟಕ್ಕೆ ಮೆಲ್ಲಗೆ ಮಡಚಿ ಬಿಡಿಸಿದರೆ ಸಾಕು. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಡಬಹುದು. ಬಿಗಿತ ಜಾಸ್ತಿ, ಊತ ಇಲ್ಲ ಅನ್ನುವ ದಿನ ಬಿಸಿ ನೀರಿನ ಶಾಖ ಹಿತ. ನೋಯದ ಕೀಲುಗಳ ವ್ಯಾಯಾಮ ಎಂದಿನಂತೆ ನಡೆಯಲಿ. ಕೆರಳಿದ್ದು ಇಳಿದ ಮೇಲೆ ಮೊದಲಿನ ಅರ್ಧದಿಂದ ಮತ್ತೆ ಶುರು ಮಾಡಿ. ಆದರೆ ಒಂದೇ ಒಂದು ಕೀಲು ಇದ್ದಕ್ಕಿದ್ದ ಹಾಗೆ ಕೆಂಪಾಗಿ, ಬಿಸಿಯಾಗಿ, ಮುಟ್ಟಲೂ ಆಗದಷ್ಟು ನೋಯುತ್ತಿದ್ದರೆ, ಅದರಲ್ಲೂ ಜ್ವರ ಬಂದಿದ್ದರೆ, ಐಸ್ ಇಟ್ಟು ಕಾಯಬೇಡಿ. ಕೀಲಿನೊಳಗೆ ಸೋಂಕು ಆಗಿರಬಹುದು, ಅದು ಕೆಲವೇ ದಿನಗಳಲ್ಲಿ ಕೀಲನ್ನು ಹಾಳುಮಾಡುತ್ತದೆ. ಅವತ್ತೇ, ರಾತ್ರಿಯಾಗಿದ್ದರೂ ಸರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.